ಒಂದೇ ಮಾತಿನ ಅರ್ಥಧಾರಿ

ಜೂನ್ ೨, ಸೋಮವಾರ

ದಿನವೂ ಇವರ ಬಿಪಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಪುಟಕ್ಕೆ ಒಂದು ಸಾಲು ಬರೆದರೆ ಮಿಕ್ಕ ಜಾಗವೆಲ್ಲ ಖಾಲಿ. ಸುಮ್ಮನೆ ಯಾಕೆ ದಂಡ ಮಾಡಬೇಕು? ಈ ಮನೆಯಲ್ಲಿ ನನ್ನ ಮಾತು ಕೇಳುವವರು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಕಾಗದವಾದರೂ ಕೇಳಲಿ.

ಇವರ ಕಥೆಗೆ ನಗಬೇಕೋ ಅಳಬೇಕೋ ತಿಳಿಯದು. ಹೊಟ್ಟೆಪಾಡಿಗೆ ಬಸ್ ಕಂಡಕ್ಟರ್ ಆಗಿದ್ದರೂ ಕುಮಟೆಯಿಂದ ಭಟ್ಕಳದವರೆಗೆ ಜನ ಇವರನ್ನು ಗುರುತಿಸುವುದು ಅರ್ಥಧಾರಿ ಮಹಾಬಲ ನಾಯ್ಕರು ಎಂದೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಇವರು ಬಿಳಿ ಪಂಚೆ ಉಟ್ಟು ಕೂತು ಶ್ರೀಕೃಷ್ಣನಾಗಿ ತಾಸುಗಟ್ಟಲೆ ಮಾತಾಡುತ್ತಾರೆ. ಮಾತಾಡುತ್ತಿದ್ದರು. ಅಷ್ಟೂ ಹೊತ್ತಿನಲ್ಲಿ ಬಾಯಿಂದ ಒಂದೇ ಒಂದು ಇಂಗ್ಲಿಷ್ ಶಬ್ದ ಜಾರುತ್ತಿರಲಿಲ್ಲ. ಅದರ ಜಂಬವೋ ಜಂಬ! ತಾಳಮದ್ದಳೆ ಸಂಘದ ಅಭ್ಯಾಸದಲ್ಲಿ ಯಾರಾದರೂ ಅಪ್ಪಿತಪ್ಪಿ 'ಟೈಮ್' ಎಂದರೂ ಸಾಕು, ಅವತ್ತು ಎಲ್ಲರ ಚಾ ಲೋಟ ಅವನೇ ತೊಳೆಯಬೇಕೆಂದು ಕಾನೂನು ಮಾಡಿದವರು ಇವರೇ. ಬಸ್ಸಿನಲ್ಲೂ 'ಟಿಕೆಟ್' ಎನ್ನದೆ 'ಚೀಟಿ, ಚೀಟಿ' ಎಂದು ಕೂಗುತ್ತಿದ್ದರು.

ಏಪ್ರಿಲ್‌ನಲ್ಲಿ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಬುದ್ಧಿ ನೆಟ್ಟಗಿದೆ, ಹೇಳಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲು ಮಾತ್ರ ಆಗದು ಎಂದರು. ಒಂದು ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರು ಭುಜ ತಟ್ಟಿ 'ಓಕೆ?' ಎಂದು ಕೇಳಿದರು. ಇವರು ಕಣ್ಣು ಬಿಟ್ಟು 'ಓಕೆ' ಎಂದರು. ಮಗಳು ರೋಹಿಣಿ ಖುಷಿಯಲ್ಲಿ ಗಳಗಳ ಅತ್ತುಬಿಟ್ಟಳು. ಅಂದಿನಿಂದ ಇಂದಿನವರೆಗೆ ಇವರ ಬಾಯಿಂದ ಬಂದದ್ದು ಅದೊಂದೇ. ಮೂಟೆ ಅಕ್ಕಿ ಖರ್ಚಾಗಿ ತಳದಲ್ಲಿ ಒಂದು ಕಲ್ಲು ಉಳಿದ ಹಾಗೆ. ಅದೂ ಪರರ ಮನೆಯ ಕಲ್ಲು.

ಬಿಪಿ ಸ್ವಲ್ಪ ಹೆಚ್ಚು.

ಜೂನ್ ೫, ಗುರುವಾರ

ನೋಡಲು ಬರುವವರ ಕಾಟ ಹೇಳತೀರದು. ಒಬ್ಬ ಬಂದು ಇವರ ಕಿವಿಗೇ ಬಾಯಿ ಹಚ್ಚಿ ಕೂಗುತ್ತಾನೆ, ಕೆಟ್ಟದ್ದು ಕಿವಿಯೇನೋ ಎಂಬಂತೆ. ಇನ್ನೊಬ್ಬಳು ಇವರ ಎದುರೇ ನಿಂತು 'ಅವ್ರಿಗೆ ಗುರ್ತ ಸಿಕ್ತದ್ಯಾ?' ಎಂದು ನನ್ನನ್ನು ಕೇಳುತ್ತಾಳೆ.

ಇಂದು ಗಣಪಣ್ಣ ಬಂದಿದ್ದ. ಧಾರೇಶ್ವರದವನು, ಸಂಘದ ಇನ್ನೊಬ್ಬ ಅರ್ಥಧಾರಿ. ಇವರು ಕೃಷ್ಣನಾದರೆ ಅವನು ಯಾವಾಗಲೂ ಕೌರವ. ಎರಡು ಲೋಟ ಚಾ ಕುಡಿದು, ಹೋದ ವರ್ಷ ತನ್ನ ಕೌರವನಿಗೆ ಜನ ಹೇಗೆ ತಲೆದೂಗಿದರು ಎಂಬುದನ್ನೇ ಹೇಳಿದ. ಮಂಚದ ಮೇಲಿದ್ದವರ ನೆನಪು ಎದ್ದು ಹೊರಡುವಾಗ ಬಂತು.

"ಇಂಗ್ಲಿಷ್ ಅಂದ್ರೆ ಉರ್ದ್ ಬೀಳ್ತಿದ್ರು. ಈಗ ನೋಡಿ ಮಾಲತಕ್ಕ, ಅದೇ ಬಂದ್ ನಾಲ್ಗೆ ಮೇಲೆ ಕೂತದೆ" ಎಂದು ಹಲ್ಲು ಕಿರಿದ.

ಇವರೂ ನಕ್ಕು 'ಓಕೆ, ಓಕೆ' ಎಂದರು. ಅಯ್ಯೋ ನಾಚಿಕೆಯೇ! ನಾನು ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಕೊನೆಗೆ ಅವನ ಲೋಟ ತೊಳೆದದ್ದೂ ನಾನೇ.

ಜೂನ್ ೯, ಸೋಮವಾರ

ಒಂದೇ ಶಬ್ದ ಗತಿ ಎಂದಾದರೆ ಅದು ನಮ್ಮದೇ ಇರಲಿ ಎಂದು ಹಟ ಹಿಡಿದೆ. 'ಆತು' ಎಂದರೆ ಏನು ಕಡಿಮೆ? ಊಟ ಆತು, ಮದುವೆ ಆತು, ನಾಳೆ ಬಾ ಎಂದರೆ ಆತು, ಜಗಳ ಸಾಕು ಎನಿಸಿದರೂ ಆತು ಮಾರಾಯಾ. ಅಷ್ಟು ಕೆಲಸ ಮಾಡುವ ಶಬ್ದ ಮನೆಯಲ್ಲೇ ಇರುವಾಗ ಈ ಓಕೆ ಯಾರಿಗೆ ಬೇಕು?

ಬೆಳಿಗ್ಗೆ ಎದುರು ಕೂತು 'ಆ' ಎಂದೆ. ಬಾಯಿ ತೆರೆದರು, ದನಿ ಬರಲಿಲ್ಲ. 'ತು' ಎಂದೆ. ತುಟಿ ಮುಂದೆ ಮಾಡಿದರು, ಹಣೆಯ ನರ ಉಬ್ಬಿತು, ಬೆವರಿದರು, ಕೊನೆಗೆ ಬಂದದ್ದು 'ಓಕೆ'. ಮತ್ತೆ ಹೇಳಿಸಿದೆ. ಮತ್ತೆ ಅದೇ. ಹತ್ತಿಪ್ಪತ್ತು ಸಲ ಆದ ಮೇಲೆ ಎಡಗೈಯಿಂದ ಮಂಚಕ್ಕೆ ಫಟ್ಟೆಂದು ಹೊಡೆದು 'ಓಕೆ!' ಎಂದರು. ಅದು ಬೈಗುಳ ಎಂದು ತಿಳಿಯಲು ನನಗೆ ಡಾಕ್ಟರು ಬೇಕಾಗಿಲ್ಲ.

ನಾನೂ ಬೈದೆ. ಇಬ್ಬರೂ ಮಧ್ಯಾಹ್ನ ತಡವಾಗಿ ಉಂಡೆವು.

ಜೂನ್ ೧೩, ಶುಕ್ರವಾರ

ಹೊನ್ನಾವರಕ್ಕೆ ಕರೆದುಕೊಂಡು ಹೋಗಿದ್ದೆ. ಮಾತು ಕಲಿಸುವ ಡಾಕ್ಟರಂತೆ, ನನ್ನ ಮಗಳಿಗಿಂತ ಚಿಕ್ಕವಳು. ಇವರ ಜೊತೆ ಅರ್ಧ ತಾಸು ಕೂತು, ನನ್ನ ಕಡೆ ತಿರುಗಿ ಉಪದೇಶ ಮಾಡಿದಳು. ತಿದ್ದಲು ಹೋಗಬೇಡಿ, ಶಬ್ದ ಬಿಟ್ಟು ದನಿ ಕೇಳಿ, ಮುಖ ನೋಡಿ, ಅವರು ಮಾತಾಡುತ್ತಲೇ ಇದ್ದಾರೆ ಎಂದಳು.

ಮದುವೆಯಾದ ಮೇಲೆ ನಾನು ಮಾಡಿದ್ದು ಅದನ್ನೇ ಅಲ್ಲವೇ? ಹೊರಗೆ ಇವರಿಗೆ ಸಾವಿರ ನಾಲಗೆ. ಮನೆಗೆ ಬಂದರೆ 'ಹೂಂ'. ಸಾರು ಹೇಗಿದೆ? ಹೂಂ. ರೋಹಿಣಿಗೆ ಗಂಡು ನೋಡಲು ಹೋಗೋಣವೇ? ಹೂಂ. ಮಾತನ್ನೆಲ್ಲ ಪಾಂಡವರಿಗೆ ಖರ್ಚು ಮಾಡಿ ಬರುತ್ತಿದ್ದ ಮಹಾನುಭಾವ. ಆ 'ಹೂಂ' ಒಳಗಿನ ದನಿ ಕೇಳಿ ಕೇಳಿಯೇ ನಾನು ಸಂಸಾರ ಮಾಡಿದ್ದು. ಹಾಗೆಂದು ಆ ಹುಡುಗಿಗೆ ಹೇಳಲಿಲ್ಲ.

ಜೂನ್ ೧೭, ಮಂಗಳವಾರ

ಗಿರಣಿಗೆ ಹೋಗಿ ಬರುವಷ್ಟರಲ್ಲಿ ಜಗಲಿಯ ತುಂಬ ಒಣ ಮೀನು! ಪಕ್ಕದ ಕೇರಿಯ ಈರಮ್ಮ ಬುಟ್ಟಿ ಮಗುಚಿ ಕೂತಿದ್ದಾಳೆ.

"ಶೆಟ್ಲಿ ಬೇಕಾ ಕೇಳ್ದೆ, ಓಕೆ ಅಂದ್ರು. ಬಂಗಡೆ? ಓಕೆ. ಪೂರಾ ಹಾಕೂದಾ? ಅದ್ಕೂ ಓಕೆ. ಗಂಡಸ್ರು ಹೂಂ ಅಂದ್ಮೇಲೆ ಆತಲ್ಲ ಮಾಲತಕ್ಕಾ, ನಂಗೆಂತ ಗೊತ್ತು?"

"ಅವ್ರ ಬಾಯಲ್ಲಿ ಅದೊಂದೇ ಬತ್ತದೆ ಅಂತ ಇಡೀ ಬಾಡ ಊರಿಗೇ ಗೊತ್ತು, ನಿಂಗೊಬ್ಳಿಗೆ ಗೊತ್ತಿಲ್ವಾ?"

ಅವಳು ನಗುತ್ತ ಬುಟ್ಟಿಗೆ ತುಂಬತೊಡಗಿದಳು. ಇವರ ಕಡೆ ನೋಡಿದೆ. ಗೋಡೆ ಕಡೆ ಮುಖ ಮಾಡಿದ್ದಾರೆ, ಭುಜ ಕುಲುಕುತ್ತಿದೆ. ಒಣ ಶೆಟ್ಲಿ ಸಿಗಡಿ ಎಂದರೆ ಇವರಿಗೆ ಪ್ರಾಣ. ಉಪ್ಪು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ನಾನು ತಂದಿರಲಿಲ್ಲ. ಕಳ್ಳ! ಬಾಯಿ ಹೋದರೂ ಬುದ್ಧಿ ಹೋಗಿಲ್ಲ.

ಒಂದು ಹಿಡಿ ಉಳಿಸಿಕೊಂಡೆ. ನೀರು ಬದಲಿಸಿ ಬದಲಿಸಿ ತೊಳೆದು, ಉಪ್ಪು ಬಿಡಿಸಿ, ಚಟ್ನಿ ಮಾಡಿದೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಜೂನ್ ೨೬, ಗುರುವಾರ

ಈ ದರಿದ್ರ ಶಬ್ದಕ್ಕೆ ಎಷ್ಟು ಅವತಾರ! ಮೊದಲು ಲಕ್ಷ್ಯ ಕೊಟ್ಟಿರಲಿಲ್ಲ, ಈಗ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಭಟ್ಕಳದಿಂದ ರೋಹಿಣಿ ಫೋನ್ ಮಾಡಿದಾಗ ನಾನು ಸೊಂಟದ ನೋವು ಹೇಳಲು ಶುರು ಮಾಡಿದರೆ 'ಓಕೆ ಅಮ್ಮಾ' ಎನ್ನುತ್ತಾಳೆ. ಸಾಕು ಮಾಡು ಎಂದು ಅದರ ಅರ್ಥ. ನಾನು ಹೊಲಿದ ರವಿಕೆ ಹಾಕಿ ನೋಡಿ ಪಕ್ಕದ ಮನೆಯ ಪ್ರಕಾಶನ ಹೆಂಡತಿ 'ಓಕೆ' ಎಂದು ಮೂಗು ಮುರಿದಳು. ಚೆನ್ನಾಗಿಲ್ಲ ಎನ್ನುವ ಧೈರ್ಯವಿಲ್ಲ, ಚೆನ್ನಾಗಿದೆ ಎನ್ನುವ ಮನಸ್ಸಿಲ್ಲ. ಹೇಡಿಗಳಿಗೆ ಹೇಳಿಮಾಡಿಸಿದ ಮಾತು.

ಇವರದ್ದು ಬೇರೆ. ಎಳೆದು ಎಳೆದು ಹೇಳಿದರೆ ನೀರು. ಮೂಗಿನಿಂದ ಹೇಳಿದರೆ ಬಂದವರನ್ನು ಕಳಿಸು ಎಂದು. ಮೆಲ್ಲಗೆ, ಕೊನೆ ನುಂಗಿ ಹೇಳಿದರೆ ಎಲ್ಲೋ ನೋಯುತ್ತಿದೆ. ಎರಡು ಸಲ ಬೇಗಬೇಗ ಎಂದರೆ ಟಿವಿಯಲ್ಲಿ ಯಾರೋ ಕನ್ನಡ ಕೆಡಿಸಿದ್ದಾರೆ, ಬಂದು ನೋಡು ಎಂದು. ನಾನು ಹೊಲಿಗೆ ಯಂತ್ರದ ಹತ್ತಿರ ಕೂತರೆ ಇವರೂ ಕುರ್ಚಿ ಎಳೆಸಿಕೊಂಡು ಬಂದು ಕೂತುಕೊಳ್ಳುತ್ತಾರೆ. ಬಟ್ಟೆ ಎತ್ತಿ ತೋರಿಸಿದರೆ ಅಭಿಪ್ರಾಯ ಬೇರೆ! ಇವತ್ತು ಹಸಿರು ಸೀರೆಗೆ ಹಳದಿ ಅಂಚು ಹಿಡಿದೆ. 'ಓಕೆ?' ಎಂದು ಹುಬ್ಬು ಗಂಟು ಹಾಕಿದರು. ಕೆಂಪು ಹಿಡಿದೆ. 'ಓಕೆ.' ಕಂಡಕ್ಟರಿಗೆ ಬಣ್ಣದ ವಿಷಯ ಏನು ಗೊತ್ತು ಎಂದು ಬೈದು ಕೆಂಪು ಹಾಕಿದೆ. ಚೆನ್ನಾಗಿಯೇ ಕಂಡಿತು.

ಬೆಳಿಗ್ಗೆಯಿಂದ ಸಂಜೆಯವರೆಗೆ ಓಕೆ ಓಕೆ. ತಲೆ ಚಿಟ್ಟು ಹಿಡಿದಿದೆ. ಬಿಪಿ ಸರಿ ಇದೆ.

ಜುಲೈ ೫, ಶನಿವಾರ

ಗಣಪಣ್ಣ ಮತ್ತೆ ವಕ್ಕರಿಸಿದ. ಆಗಸ್ಟ್ ಮೂರಕ್ಕೆ ಧಾರೇಶ್ವರದಲ್ಲಿ ಸಂಘದ ತಾಳಮದ್ದಳೆಯಂತೆ. ಕೃಷ್ಣ ಕೌರವನ ಸಭೆಗೆ ಸಂಧಾನಕ್ಕೆ ಹೋಗುವ ಪ್ರಸಂಗ. ಕೃಷ್ಣ ಯಾರು ಎಂದರೆ ಇವರೇ ಅಂತೆ!

"ಮಹಾಬಲಣ್ಣ, ನೀವ್ ಬಂದ್ ಕೂತ್ರೆ ಸಾಕು. ಮಾತೆಲ್ಲ ನಾ ನೋಡ್ಕಂತೆ. ಬತ್ರಾ?"

ಇವರು 'ಓಕೆ' ಎಂದರು.

"ಆತು ಹಾಗಾರೆ" ಎಂದು ಅವನು ಎದ್ದೇಬಿಟ್ಟ.

"ಎಂತ ಆತು?" ಎಂದೆ ನಾನು. "ಗಣಪಣ್ಣ, ಅವ್ರು ಒಣ ಮೀನಿಗೂ ಅದನ್ನೇ ಹೇಳಿದ್ದು. ಎಲ್ಲದಕ್ಕೂ ಅದನ್ನೇ ಹೇಳೂದು. ಅದಕ್ಕೆ ಅರ್ಥ ಇಲ್ಲ. ಅವ್ರು ಬರೂದಿಲ್ಲ."

ಇವರು ನನ್ನ ಮುಖ ನೋಡಿದರು. "ಓಕೆ" ಎಂದರು. ಇನ್ನೊಮ್ಮೆ, ಗಟ್ಟಿಯಾಗಿ. ನಾನು ಅತ್ತ ತಿರುಗಿ, "ನೋಡಿ, ಬರೂದಿಲ್ಲ ಅಂದ್ರೂ ಓಕೆ" ಎಂದೆ. ಗಣಪಣ್ಣ ಚಾ ಕುಡಿಯದೆ ಹೋದ.

ಮಾಡಿದ್ದು ಸರಿಯೇ. ಕೃಷ್ಣ ಬಾಯಿ ತೆರೆದು ಓಕೆ ಎಂದರೆ ಸಭೆ ಬಿದ್ದು ಬಿದ್ದು ನಗುವುದಿಲ್ಲವೇ? ಲೋಟ ತೊಳೆದವರೆಲ್ಲ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಜುಲೈ ೮, ಮಂಗಳವಾರ

ಮಾತಿಲ್ಲ. ಬಿಪಿ ಸರಿ ಇದೆ.

ಜುಲೈ ೧೦, ಗುರುವಾರ

ಇವತ್ತೂ ಇಲ್ಲ. ಶ್ರೀಕೃಷ್ಣ ಪರಮಾತ್ಮನಿಗೆ ಸಿಟ್ಟು ಬಂದಿದೆ. ಬರಲಿ, ನನಗೇನು. ಮನೆ ತಣ್ಣಗಿದೆ, ಹೊಲಿಗೆ ಬೇಗ ಸಾಗುತ್ತದೆ.

ಜುಲೈ ೧೩, ಭಾನುವಾರ

ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ, ಹುಳಿಯನ್ನೂ ಹಾಕಲಿಲ್ಲ. ಬರೀ ಬಿಸಿನೀರು ಬಡಿಸಿದೆ. ತಟ್ಟೆ ದೂಡಿ ಕೂಗುತ್ತಾರೆ ಎಂದುಕೊಂಡೆ. ತಲೆ ತಗ್ಗಿಸಿ ಪೂರ್ತಿ ಉಂಡರು. ಹಸಿರು ಬಟ್ಟೆ ತೋರಿಸಿದರೆ ಕಿಟಕಿ ನೋಡುತ್ತಾರೆ. ಎಂಥ ಹಟಮಾರಿ ಮನುಷ್ಯ!

ಈರಮ್ಮ ಬಂದವಳು, "ಎಂತ ಅಕ್ಕ, ಅವ್ರ ಸುದ್ದೇ ಇಲ್ಲ, ಹುಷಾರಿಲ್ವಾ?" ಎಂದು ಕೇಳಿದಳು. ಹುಷಾರಿದ್ದಾರೆ ಎಂದೆ. ಅವಳು ಹೋದ ಮೇಲೆ ಯಂತ್ರದ ಮುಂದೆ ಕೂತೆ. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ. ಅಳು ಬಂದಿತ್ತು. ಇಷ್ಟು ವರ್ಷ 'ಹೂಂ' ಒಂದರಲ್ಲೇ ಬದುಕಿದವಳಿಗೆ ಈಗ ವಾರದ ಮೌನಕ್ಕೆ ಅಳು! ನನಗೂ ಬುದ್ಧಿ ಕೆಟ್ಟಿದೆ.

ಜುಲೈ ೧೪, ಸೋಮವಾರ

ಗಣಪಣ್ಣನಿಗೆ ಫೋನ್ ಮಾಡಿ, ಬರುತ್ತಾರೆ ಎಂದೆ. ಅವತ್ತು ಅವರು ಹೇಳಿದ್ದು ಬರುತ್ತೇನೆ ಎಂದೇ, ನನಗೆ ಸರಿಯಾಗಿ ತಿಳಿದಿತ್ತು ಎಂದೂ ಹೇಳಿದೆ. ಯಾವನಿಗೆ ಹೇಳಬೇಕಾಯಿತು ನೋಡಿ! ಅವನು, "ನಂಗೂ ತಿಳ್ದಿತ್ತು ಮಾಲತಕ್ಕ" ಎಂದ.

ಇವರು ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡರು. ನಾನು ಚಾ ತಂದುಕೊಟ್ಟೆ. "ಜನ ನಗ್ತ್ರು, ನಂಗೆ ತಡ್ಕಳೂಕೆ ಆಗೂದಿಲ್ಲ. ಅದ್ಕೇ ಬೇಡ ಅಂದದ್ದು" ಎಂದೆ. ಎಡಗೈಯಿಂದ ನನ್ನ ಕೈ ಹಿಡಿದು 'ಓಕೆ' ಎಂದರು. ಯಾವ ಅರ್ಥದ್ದು ಎಂದು ಬರೆಯುವುದಿಲ್ಲ.

ಆಮೇಲೆ ಚಾಕ್ಕೆ ಸಕ್ಕರೆ ಸಾಲದು ಎಂದು ಇನ್ನೊಂದು ಓಕೆ. ಶುರುವಾಯಿತು ಮತ್ತೆ.

ಆಗಸ್ಟ್ ೨, ಶನಿವಾರ

ಪಂಚೆಗೆ ಗಂಜಿ ಹಾಕಬೇಕಂತೆ. ಹಾಕಿದೆ. ಇಸ್ತ್ರಿ ಸಾಲದಂತೆ. ಮತ್ತೆ ಮಾಡಿದೆ. ಶಾಲು ಬಲಗೈ ಮುಚ್ಚುವ ಹಾಗೆ ಹೊದೆಸಿದರೆ ಕಿತ್ತು ಎಸೆದರು. ಕೈ ಕಾಣಲಿ ಎಂದೋ, ಸೆಕೆ ಎಂದೋ, ಕೇಳಲಿಲ್ಲ. ಮದುಮಗನಿಗೂ ಇಷ್ಟು ಗತ್ತು ಇರುವುದಿಲ್ಲ. ಬಿಪಿ ನೋಡಲು ಮರೆತೆ, ಓಕೆ ಇರಬೇಕು.

ಆಗಸ್ಟ್ ೪, ಸೋಮವಾರ

ನಿನ್ನೆಯದನ್ನು ಬರೆಯಬೇಕು.

ಮಧ್ಯಾಹ್ನ ಧಾರೇಶ್ವರದ ಸಭಾಗೃಹ ತುಂಬಿತ್ತು. ನಾನು ಹೆಂಗಸರ ಸಾಲಿನಲ್ಲಿ ಕೂತು, ಮುಂದಿನ ಸಾಲಿನಲ್ಲಿದ್ದ ಲೋಟ ತೊಳೆದವರನ್ನೇ ನೋಡುತ್ತಿದ್ದೆ. ಇವರನ್ನು ಇಬ್ಬರು ಹಿಡಿದು ವೇದಿಕೆಗೆ ಹತ್ತಿಸಿದರು. ಭಾಗವತರ ಪದ್ಯ ಮುಗಿಯಿತು. ಕೌರವ ಗಣಪಣ್ಣ ತಿರುಗಿ ಕೇಳಿದ: "ಕೃಷ್ಣಾ, ಸಂಧಿಯನ್ನು ಬಯಸಿ ಬಂದೆಯೋ, ಸಮರವನ್ನೋ?"

ಇವರು 'ಓಕೆ' ಎಂದರು.

ಯಾರೂ ನಗಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ನನ್ನ ಎದೆ ಹಗುರಾಯಿತು. ಆದರೆ ಅದು ನಿಲ್ಲಲೇ ಇಲ್ಲ. ಇವರು ಬಾಯಿ ತೆರೆದರೆ ಚಪ್ಪಾಳೆ, ಮಾತು ಮುಗಿಯುವ ಮೊದಲೇ ಚಪ್ಪಾಳೆ. ಪಕ್ಕದವಳು "ಪಾಪ, ಪಾಪ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಲವಾಡಿ ಮಗು ಪದ್ಯ ಹೇಳಿದರೆ ಹೊಡೆಯುವ ಚಪ್ಪಾಳೆ ಅದು. ಗಣಪಣ್ಣ ಇವರ ಓಕೆಯನ್ನೆಲ್ಲ ಎತ್ತಿಕೊಂಡು ತಾನೇ ವಿಸ್ತರಿಸಿ ಉತ್ತರ ಕೊಟ್ಟ, ಕೆಲಸ ಗೊತ್ತಿದೆ ಎಂದು ಒಪ್ಪುತ್ತೇನೆ. ಆದರೆ ಕೊನೆಕೊನೆಗೆ ಅವನೂ ಕಣ್ಣು ಒರೆಸಿಕೊಳ್ಳತೊಡಗಿದ. ಕೌರವನೇ ಕೃಷ್ಣನನ್ನು ಕಂಡು ಅಳುತ್ತ ಕೂತರೆ ಕುರುಕ್ಷೇತ್ರ ನಡೆಯುವುದು ಹೇಗೆ? ಕೊನೆಗೆ ಶಾಲು, ಹಣ್ಣಿನ ಬುಟ್ಟಿ, ಫೋಟೋ. ಯಾರಾದರೂ ಒಬ್ಬ ನಗಬಾರದಿತ್ತೇ ಎನಿಸಿತು ನನಗೆ.

ರಿಕ್ಷಾದಲ್ಲಿ ಇವರ ಮುಖ ಅರಳಿತ್ತು. ನನ್ನ ಮೊಣಕೈ ತಿವಿದು 'ಓಕೆ?' ಎಂದರು. ಹೇಗಿತ್ತು ಎಂದು ಕೇಳುತ್ತಿದ್ದಾರೆ. ನನ್ನನ್ನು! ಜೀವಮಾನದಲ್ಲಿ ಮೊದಲ ಸಲ. ಚೊಲೋ ಆತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ಹೇಳಿ ಕಳಿಸಿದ್ದರು. ನಾನು ಬಾಯಿ ಬಿಗಿಹಿಡಿದು ಕೂತೆ.

ಮನೆಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ಮತ್ತೆ 'ಓಕೆ?' ಎಂದರು. ಇನ್ನು ತಡೆಯಲಾಗಲಿಲ್ಲ.

"ಚೊಲೋ ಆಗ್ಲಿಲ್ಲ" ಎಂದೆ. "ಜನ ಚಪ್ಪಾಳೆ ಹೊಡೆದದ್ದು ನಿಮ್ಮ ಬಿದ್ದ ಕೈಗೆ, ಮಾತಿಗಲ್ಲ. ಪಾಂಡವರಿಗೆ ಐದು ಊರು ಕೇಳುವಾಗ ಭಿಕ್ಷೆಗೆ ಬಂದವರ ಹಾಗೆ ಓಕೆ ಅಂದ್ರಿ. ಅವ ಕೊಡೂದಿಲ್ಲ ಅಂದಾಗ್ಲೂ ಅದೇ ದನಿ. ಕೃಷ್ಣ ಹಾಗೆ ಹೇಳ್ತ್ನಾ? ಚಪ್ಪಾಳೆ ಕೇಳಿದ್ದೇ ನೀವು ಕೃಷ್ಣನ್ನ ಬಿಟ್ಟು ಬಿಟ್ರಿ."

ಮುಖ ಬಾಡಿತು. ಅಯ್ಯೋ, ಹೇಳಬಾರದಿತ್ತು ಎನ್ನುವಷ್ಟರಲ್ಲಿ ಕೆಂಪಗಾಯಿತು. "ಓಕೆ! ಓಕೆ ಓಕೆ ಓಕೆ!" ಎಂದು ಎಡಗೈ ಬೀಸಿ ಒಲೆ ತೋರಿಸಿದರು, ನನ್ನನ್ನು ತೋರಿಸಿದರು. ಒಲೆ ಊದುವವಳಿಗೆ ಅರ್ಥಗಾರಿಕೆ ಏನು ಗೊತ್ತು ಎಂದು.

"ಹೌದು, ಇಲ್ಲಿ ನಿಂತೇ ಕೇಳಿದ್ದು" ಎಂದೆ. "ನೀವು ಜಗಲಿಯಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ಕೇಳಿದವಳು ನಾನು. ನಿಮ್ಮ ಕೃಷ್ಣ ಹೆಂಗಿದ್ದ ಅಂತ ನಂಗೊಬ್ಳಿಗೇ ಗೊತ್ತಿದ್ದದ್ದು."

ಸ್ಟೂಲು ಎಳೆದು ಎದುರು ಕೂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಒಡಕು ದನಿಯಲ್ಲಿ ಎಷ್ಟಾಗುತ್ತದೋ ಅಷ್ಟು ಗಟ್ಟಿಯಾಗಿ ಕೇಳಿದೆ: "ಎಲೈ ಗೊಲ್ಲನೇ, ಐದೂರಲ್ಲ, ಅರ್ಧ ಊರನ್ನೂ ಕೊಡುವುದಿಲ್ಲ. ಏನು ಮಾಡುತ್ತೀಯೋ ಮಾಡಿಕೋ!"

ಇವರು ಕೈ ಬೀಸುವುದನ್ನು ನಿಲ್ಲಿಸಿದರು. ಆಮೇಲೆ ಬೆನ್ನು ನೇರ ಮಾಡಿದರು, ಎಡಗೈ ಮೊಣಕಾಲ ಮೇಲಿಟ್ಟರು, ಗದ್ದ ಎತ್ತಿ ನನ್ನನ್ನು ನೋಡಿದರು. ತನ್ನ ಬಾಯಿ ಒರೆಸುವವಳನ್ನು ನೋಡುವ ಹಾಗೆ ನೋಡಲಿಲ್ಲ. ಹಿಂದೆ ಗಣಪಣ್ಣನನ್ನು ನೋಡುತ್ತಿದ್ದ ಹಾಗೆ, ಎದುರಾಳಿಯನ್ನು ನೋಡುವ ಹಾಗೆ ನೋಡಿದರು. ತುಟಿಯ ತುದಿಯಲ್ಲಿ ಸಣ್ಣ ನಗು ಬಂತು.

"ಓಕೆ" ಎಂದರು.

ದನಿ ಏರಿಸಲಿಲ್ಲ. ನನ್ನ ಮೈ ಜುಮ್ಮೆಂದಿತು. ಯುದ್ಧ ಆಗಿಯೇ ತೀರುತ್ತದೆ, ನನ್ನ ಕಡೆಯವರು ಒಬ್ಬರೂ ಉಳಿಯುವುದಿಲ್ಲ ಎಂದು ಗೊತ್ತಾಗಿಹೋಯಿತು. ಕೌರವನಾಗಿ ಏನಾದರೂ ಉತ್ತರ ಕೊಡಬೇಕಿತ್ತು. ನಾನು ಸ್ಟೂಲು ಸರಿಸಿ ಎದ್ದು, ಕೃಷ್ಣನಿಗೆ ಚಾ ಇಟ್ಟೆ.